ಮಾರ್ತಾ ಶಟಲ್‌ವರ್ತ್ ಒಪ್ಪಲಿಲ್ಲ

ನಮ್ಮ ಮಿಲ್ಲಿನ ಊರು ಹೇಗ್‌ಫೋಲ್ಡ್‌ನಲ್ಲಿ ಮಾರ್ತಾ ಶಟಲ್‌ವರ್ತ್‌ಳ ಬೋಟಿ ಅಂಗಡಿಗೆ ಯಾರೂ ದಾರಿ ಕೇಳುತ್ತಿರಲಿಲ್ಲ. ಅವಳ ದನಿ ಎರಡು ಬೀದಿ ಆಚೆಗೇ ಕೇಳುತ್ತಿತ್ತು, ಅದನ್ನು ಹಿಡಿದುಕೊಂಡು ಬಂದರಾಯಿತು. ಚಿಕ್ಕ ವಯಸ್ಸಿಗೇ ನೇಯ್ಗೆ ಮಿಲ್ಲಿಗೆ ಸೇರಿ ಮಗ್ಗಗಳ ಗದ್ದಲದಲ್ಲಿ ಅರ್ಧ ಆಯುಷ್ಯ ನಿಂತವಳು. ಅರ್ಧ ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದಳು. ಅವಳ ಪಿಸುಮಾತು ಬೇರೆಯವರ ಕೂಗಿನಷ್ಟಿರುತ್ತಿತ್ತು. ಗುಟ್ಟಿದ್ದರೆ ಮಾರ್ತಾಳ ಹತ್ತಿರ ಹೇಳಬಾರದು ಎಂದು ನಮ್ಮೂರಿನವರಿಗೆಲ್ಲ ಗೊತ್ತಿತ್ತು. ಅವಳು ಚಾಡಿಕೋರಳೆಂದಲ್ಲ. “ಯಾರಿಗೂ ಹೇಳಲ್ಲ ಬಿಡು,” ಎಂದು ಅವಳು ಭರವಸೆ ಕೊಡುವಾಗಲೇ ವಿಷಯ ಇಡೀ ಬೀದಿಗೆ ತಿಳಿದುಹೋಗುತ್ತಿತ್ತು.

ಗಂಡ ಏಮಸ್ ತೀರಿಕೊಂಡ ಮೇಲೆ ಅಂಗಡಿಯೂ ಅದರ ಮೇಲಿನ ಮನೆಯೂ ಅವಳ ಹೆಸರಿಗೆ ಬಂದವು. ಎರಡನೇ ಮಹಾಯುದ್ಧ ಮುಗಿದು ಐದಾರು ವರ್ಷ ಕಳೆದಿದ್ದರೂ ಮಾಂಸಕ್ಕಿನ್ನೂ ರೇಷನ್ ಇತ್ತು; ಬೋಟಿಗೆ, ಹಸುವಿನ ಕಾಲಿಗೆ ಇರಲಿಲ್ಲ. ಮಧ್ಯಾಹ್ನ ಮಿಲ್ಲಿನ ಸೈರನ್ ಕೂಗಿತೋ ಇಲ್ಲವೋ, ಮರದ ಅಟ್ಟೆಯ ಬೂಟುಗಳು ಟಕಟಕ ಎನ್ನುತ್ತ ಅವಳ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ಹಾಲು-ಈರುಳ್ಳಿಯಲ್ಲಿ ಬೆಂದ ಬೋಟಿ ಒಂದು ತಟ್ಟೆ, ಇಲ್ಲವೇ ತಣ್ಣನೆಯದಕ್ಕೆ ವಿನೆಗರ್ ಸುರಿದುಕೊಂಡು ನಿಂತಲ್ಲೇ ತಿನ್ನುವುದು. ವಿನೆಗರ್ ಇನ್ನಷ್ಟು ಬೇಕೆಂದವರನ್ನು, “ತಿನ್ನೋಕೆ ಬಂದಿದ್ದೀಯೋ, ಸ್ನಾನ ಮಾಡೋಕೋ?” ಎಂದು ಕೇಳಿಯೇ ಅವಳು ಹಾಕುತ್ತಿದ್ದಳು.

ಪ್ರಾರ್ಥನಾ ಮಂದಿರದಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಬೆಂಚು ಎಂದು ಗೊತ್ತುಮಾಡುವುದು ನಮ್ಮ ಕಡೆಯ ಪದ್ಧತಿ. ಏಮಸ್ ತೀರಿಕೊಂಡ ವರ್ಷವೇ ಮಂದಿರದ ಹಿರಿಯರು ಬಂದು, ಒಂಟಿ ಹೆಂಗಸಿಗೆ ಇಡೀ ಬೆಂಚು ಯಾಕೆ, ಎಡ್ಗರ್ ಬರ್ಟನ್‌ಶಾ ಅವರ ಸಂಸಾರ ದೊಡ್ಡದು, ಅವರಿಗೆ ಬಿಟ್ಟುಕೊಡಿ ಎಂದು ನಯವಾಗಿ ಹೇಳಿದರು. ಬರ್ಟನ್‌ಶಾ ಎಂದರೆ ಕಬ್ಬಿಣದ ಸಾಮಾನಿನ ದೊಡ್ಡ ಅಂಗಡಿಯವನು, ಮೀಸೆಗೆ ಎಣ್ಣೆ ಹಚ್ಚುವವನು, ಊರಿನಲ್ಲಿ ಯಾವ ಸಮಿತಿ ಆದರೂ ಅದರಲ್ಲೊಂದು ಕುರ್ಚಿ ತನ್ನದೆಂದು ತಿಳಿದವನು. “ಏಮಸ್ ಜಾಗದಲ್ಲಿ ನನ್ನ ಛತ್ರಿ ಕೂರುತ್ತೆ. ಅದಕ್ಕೂ ಸ್ವಲ್ಪ ದೈವಭಕ್ತಿ ಬರ್ಲಿ,” ಎಂದಳು ಮಾರ್ತಾ. ಅಂದಿನಿಂದ ಪ್ರತಿ ಭಾನುವಾರ ಆ ಬೆಂಚಿನ ಮೇಲೆ ಅವಳ ಛತ್ರಿ ಉದ್ದಕ್ಕೆ ಮಲಗಿರುತ್ತಿತ್ತು. ಹಿಂದಿನ ಬೆಂಚಿನಲ್ಲಿ ಬರ್ಟನ್‌ಶಾ ಸಂಸಾರ ಮೊಣಕೈಗೆ ಮೊಣಕೈ ತಾಗಿಸಿಕೊಂಡು ದೇವರ ಸ್ತುತಿ ಹಾಡುತ್ತಿತ್ತು.

ಇಂಥವಳಿಗೆ ಒಂದು ನವೆಂಬರಿನಲ್ಲಿ, ಕೋರ್ಟಿನಲ್ಲಿ ಕೂತು ತೀರ್ಪು ಹೇಳುವ ಜ್ಯೂರಿಗೆ ಕರೆ ಬಂತು. ತೆರಿಗೆ ಕಟ್ಟುವ ಮನೆ ತಮ್ಮ ಹೆಸರಿನಲ್ಲಿ ಇದ್ದವರನ್ನು ಮಾತ್ರ ಕರೆಯುತ್ತಿದ್ದ ಕಾಲ. ಹೆಂಗಸಿನ ಹೆಸರಿನಲ್ಲಿ ಮನೆ ಇರಬೇಕಾದರೆ ಅವಳ ಗಂಡ ಸತ್ತಿರಬೇಕು, ಇಲ್ಲ ಅವಳಿಗೆ ಮದುವೆಯೇ ಆಗಿರಬಾರದು. ಹಾಗಾಗಿ ಹನ್ನೆರಡು ಜನರಲ್ಲಿ ಹೆಂಗಸರು ಇಬ್ಬರೇ: ಮಾರ್ತಾ, ಮತ್ತೆ ಮಕ್ಕಳಿಗೆ ಪಿಯಾನೊ ಕಲಿಸುವ ಮಿಸ್ ಪಿಕಪ್ ಎಂಬ ಪುಟ್ಟ ಜೀವ. ಉಳಿದವರು ಅಂಗಡಿ, ಕಚೇರಿ, ಆಸ್ತಿ ಇದ್ದ ಗಂಡಸರು. ಅವರಲ್ಲಿ ಬರ್ಟನ್‌ಶಾನೂ ಇದ್ದ. ಎಲ್ಲರ ಪರವಾಗಿ ಮಾತಾಡುವ ಮುಖ್ಯಸ್ಥ ಯಾರಾಗಬೇಕೆಂದು ಯಾರಾದರೂ ಕೇಳುವ ಮೊದಲೇ ಆತ ಮೊದಲನೆಯ ಕುರ್ಚಿಯಲ್ಲಿ ಕೂತಾಗಿತ್ತು.

“ಛತ್ರಿ ತಂದಿಲ್ವಾ, ಮಿಸೆಸ್ ಶಟಲ್‌ವರ್ತ್?” ಎಂದ.

“ಇಲ್ಲಿ ಪಕ್ಕದಲ್ಲಿ ನೀವೇ ಕೂತಿದ್ದೀರಲ್ಲ, ಸಾಕು ಬಿಡಿ,” ಎಂದಳು ಮಾರ್ತಾ.

ಕೊಲೆಯಂಥ ದೊಡ್ಡ ಕೇಸುಗಳಿಗೆ ನಮ್ಮ ಊರುಗಳಲ್ಲಿ ಕಾಯಂ ಜಡ್ಜ್ ಇರುವುದಿಲ್ಲ. ವರ್ಷಕ್ಕೆ ಎರಡು ಮೂರು ಸಲ ಲಂಡನ್ನಿನಿಂದ ಕೆಂಪು ನಿಲುವಂಗಿ ತೊಟ್ಟ ಜಡ್ಜ್ ಬರುತ್ತಾನೆ, ಅವನ ಮುಂದೆ ತುತ್ತೂರಿ ಊದುತ್ತಾರೆ, ತುಂಬಿಟ್ಟ ಕೇಸುಗಳನ್ನೆಲ್ಲ ತೀರಿಸಿ ಅವನು ಮುಂದಿನ ಊರಿಗೆ ಹೊರಡುತ್ತಾನೆ. ಈ ಕೇಸು ಬಂದದ್ದು ಕಟ್ಟಕಡೆಗೆ. ಜಡ್ಜ್‌ನ ಪೆಟ್ಟಿಗೆಗಳು ಆಗಲೇ ಕಟ್ಟಿದ್ದವು ಎಂದು ಜವಾನರು ಆಡಿಕೊಳ್ಳುತ್ತಿದ್ದರು.

ಕೇಸಿನಲ್ಲಿ ಗೂಢವೇನೂ ಇರಲಿಲ್ಲ. ಕಟಕಟೆಯಲ್ಲಿ ನಿಂತಿದ್ದ ವಾಲ್ಟರ್ ಪಿಲಿಂಗ್ ನೆರೆಯ ಊರಿನ ಕಲ್ಲಿದ್ದಲು ಮಾರುವವನು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಅವನ ತಂಗಿ ಐವಿ. ಅವಳ ಗಂಡ ಸಿರಿಲ್ ಹಾರ್ಗ್ರೀವ್ಸ್ ಕುಡಿದಾಗ ಹೊಡೆಯುತ್ತಿದ್ದ, ಕುಡಿಯದಿದ್ದಾಗಲೂ ಹೊಡೆಯುತ್ತಿದ್ದ. ಒಂದು ಶನಿವಾರ ಸಂಜೆ ಬಸುರಿ ಐವಿ ಒಂದು ಕಣ್ಣು ಮುಚ್ಚಿಹೋದ ಮುಖ ಹೊತ್ತು ಅಣ್ಣನ ಮನೆಗೆ ಬಂದಳು. ವಾಲ್ಟರ್ ಹೆಂಡದಂಗಡಿಗೆ ಹೋಗಿ ತಂಗಿಯ ಗಂಡನನ್ನು ಹೊರಗೆ ಕರೆದ. ಸಿರಿಲ್ ನಕ್ಕು, “ಅವಳನ್ನ ವಾಪಸ್ ಕಳ್ಸು, ಇನ್ನೊಂದು ಕಣ್ಣು ಬಾಕಿ ಇದೆ,” ಎಂದ. ವಾಲ್ಟರ್ ಮಾತಾಡದೆ ತಿರುಗಿ ತನ್ನ ಕಲ್ಲಿದ್ದಲು ಕೊಟ್ಟಿಗೆಗೆ ನಡೆದ, ಸಲಿಕೆ ತೆಗೆದುಕೊಂಡ, ಹಿಂತಿರುಗಿ ಬಂದ, ಹೊಡೆದ. ಪೊಲೀಸರು ಬರುವವರೆಗೂ ಹೆಣದ ಪಕ್ಕದಲ್ಲೇ ಕೂತಿದ್ದ.

ಸರ್ಕಾರಿ ವಕೀಲ ಐವಿಯನ್ನು ಕೇಳಿದ, ಗಂಡ ಹೊಡೆಯುತ್ತಿದ್ದಾಗ ಯಾರಿಗಾದರೂ ಹೇಳಿದ್ದೀಯಾ, ತಡೆದಿದ್ದೀಯಾ ಎಂದು. ಐವಿ ನೆಲ ನೋಡುತ್ತ ನಿಂತಳು. ಮುಂದಿನ ಸಾಲಿನಲ್ಲಿ ಸಿರಿಲ್‌ನ ತಾಯಿ ಕಪ್ಪು ಟೋಪಿ ಹಾಕಿಕೊಂಡು ದಿನವೂ ಕೂತಿರುತ್ತಿದ್ದಳು. ಆ ಮುದುಕಿಯ ಕಡೆ ಮಾರ್ತಾಳಿಗೆ ನೋಡಲಾಗುತ್ತಿರಲಿಲ್ಲ. ಹೆತ್ತವಳಿಗೆ ಮಗ ಎಂಥವನಾದರೂ ಮಗನೇ.

ಕೊನೆಗೆ ಜಡ್ಜ್ ಜ್ಯೂರಿಗೆ ಕಾನೂನು ತಿಳಿಸಿದ. ಆ ಕೆಟ್ಟ ಮಾತು ಕಿವಿಗೆ ಬಿದ್ದ ಕ್ಷಣದಲ್ಲೇ ಕೈ ಎತ್ತಿದ್ದರೆ ಅದನ್ನು ನರಹತ್ಯೆ ಎನ್ನಬಹುದಿತ್ತು, ಅದಕ್ಕೆ ಜೈಲು. ಆದರೆ ಆರೋಪಿ ನಡೆದು ಹೋಗಿ ನಡೆದು ಬಂದಿದ್ದಾನೆ. ಆ ಹೊತ್ತಿನಲ್ಲಿ ರಕ್ತ ತಣ್ಣಗಾಗುವಷ್ಟು ಸಮಯ ಸಿಕ್ಕಿತ್ತು ಎಂದು ನಿಮಗೆ ಅನ್ನಿಸಿದರೆ ಅದು ಕೊಲೆ. ಕೊಲೆಗೆ ಆ ಕಾಲದಲ್ಲಿ ನಮ್ಮ ದೇಶದಲ್ಲಿದ್ದದ್ದು ಒಂದೇ ಶಿಕ್ಷೆ.

ಜವಾನ ಹನ್ನೆರಡು ಜನರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಹೊರಗಿನಿಂದ ಬೀಗ ಹಾಕಿದ. ಅಲ್ಲೊಂದು ಉದ್ದ ಮೇಜು, ಒಂದು ಖಾಲಿ ಅಗ್ಗಿಷ್ಟಿಕೆ. ಜ್ಯೂರಿಯನ್ನು ಊಟ, ಬೆಂಕಿ ಇಲ್ಲದೆ ಕೂಡಿಹಾಕಿದರೆ ಬೇಗ ಒಮ್ಮತ ಬರುತ್ತದೆ ಎಂದು ಹಿಂದಿನ ಯಾವ ಪುಣ್ಯಾತ್ಮನೋ ಕಂಡುಹಿಡಿದಿದ್ದ. ಕಾನೂನು ಬದಲಾಗಿದ್ದರೂ ಅಗ್ಗಿಷ್ಟಿಕೆಗೆ ಆ ಸುದ್ದಿ ಮುಟ್ಟಿರಲಿಲ್ಲ. ಹನ್ನೆರಡು ಜನರೂ ಒಂದೇ ಮಾತು ಹೇಳಬೇಕು, ಹನ್ನೊಂದಾದರೆ ನಡೆಯುವುದಿಲ್ಲ.

ಬರ್ಟನ್‌ಶಾ ಕೈ ಎತ್ತಿಸಿದ. ಕೊಲೆ ಎಂದು ಕೈಗಳು ಎದ್ದವು. ಮಿಸ್ ಪಿಕಪ್‌ಳ ಕೈ ಎಲ್ಲರದ್ದೂ ಎದ್ದ ಮೇಲೆ ಎದ್ದಿತು. ಮಾರ್ತಾಳದು ಏಳಲಿಲ್ಲ.

“ಅವನು ಮಾಡಿದ್ದು ಸರಿ ಅಂತ ನಾನು ಹೇಳ್ತಾ ಇಲ್ಲ,” ಎಂದಳು. “ಆದ್ರೆ ರಕ್ತ ತಣ್ಣಗಾಗೋಕೆ ಎಷ್ಟು ಹೊತ್ತು ಬೇಕು ಅಂತ ಆ ಜಡ್ಜ್‌ಗೆ ಹೇಳ್ದೋರು ಯಾರು? ಅಂಥ ಮುಖ ನೋಡಿದ್ಮೇಲೆ ನಂದಾಗಿದ್ರೆ ಬರೋ ಬೇಸಿಗೆವರೆಗೂ ಕುದೀತಿತ್ತು.”

“ನಿಮ್ಮ ರಕ್ತದ ವಿಷ್ಯ ಬೇರೆ,” ಎಂದ ಬರ್ಟನ್‌ಶಾ. ಗಂಡಸರು ನಕ್ಕರು.

“ನಗ್ರಿ, ನಗ್ರಿ. ಆ ಮನುಷ್ಯನ್ನ ನೇಣಿಗೆ ಹಾಕಿ ಅಂತ ನನ್ನ ಬಾಯಲ್ಲಿ ಬರಲ್ಲ.”

ಹೊರಗೆ ಕತ್ತಲಾಗುತ್ತಿತ್ತು. ಎಲ್ಲರಿಗೂ ಮನೆ ಸೇರುವ ಆತುರ. ಆಗ ಬರ್ಟನ್‌ಶಾ ಎದೆ ಸೆಟೆಸಿ, ಸಮಿತಿಗಳಲ್ಲಿ ರಾಜಿ ಮಾಡಿಸುವಾಗಿನ ದನಿ ತೆಗೆದ. “ಇಷ್ಟೇ ತಾನೆ? ಕೊಲೆ ಅಂತ ಹೇಳೋಣ, ಜೊತೆಗೆ ಕರುಣೆ ತೋರಿಸ್ಬೇಕು ಅಂತ ನಮ್ಮ ಶಿಫಾರಸು ಸೇರಿಸೋಣ. ಆಮೇಲೆ ಗಲ್ಲಿಲ್ಲ, ಜೈಲು. ನಿಮ್ಮ ಮನಸ್ಸೂ ತಣ್ಣಗೆ, ಕಾನೂನಿನ ಹೊಟ್ಟೆಯೂ ತಣ್ಣಗೆ.”

“ಖಂಡಿತಾನಾ?”

“ಜ್ಯೂರಿ ಕರುಣೆ ಅಂದ್ಮೇಲೆ ಜಡ್ಜ್ ಮೀರೋ ಹಾಗಿಲ್ಲಮ್ಮ. ಎಲ್ರಿಗೂ ಗೊತ್ತಿರೋ ವಿಷ್ಯ.”

ನಿಜ, ಎಲ್ಲರಿಗೂ ಗೊತ್ತಿತ್ತು. ಮಿಲ್ಲಿನಲ್ಲಿ, ಹೆಂಡದಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ನಮ್ಮ ಕಡೆಯವರು ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತು ಅದು. ಮಾರ್ತಾ ತನ್ನ ಅಪ್ಪನ ಬಾಯಲ್ಲೇ ಕೇಳಿದ್ದಳು: ಜ್ಯೂರಿ ಕರುಣೆ ಕೇಳಿತೆಂದರೆ ಹಗ್ಗ ಕಳಚಿತು. ಜಡ್ಜ್‌ಗೆ ಒಂದು ಚೀಟಿ ಕಳಿಸಿ ಹೌದೋ ಅಲ್ಲವೋ ಎಂದು ಕೇಳಬಹುದಿತ್ತು. ಸೂರ್ಯ ಯಾವ ದಿಕ್ಕಿಗೆ ಹುಟ್ಟುತ್ತಾನೆಂದು ಯಾರಾದರೂ ಚೀಟಿ ಬರೆದು ಕೇಳುತ್ತಾರೆಯೇ? ಹನ್ನೆರಡೂ ಜನ ನಂಬಿದರು. ಹನ್ನೆರಡೂ ಜನರ ನಂಬಿಕೆ ತಪ್ಪಾಗಿತ್ತು.

“ಹಂಗಾದ್ರೆ ಸರಿ,” ಎಂದಳು ಮಾರ್ತಾ. ಹೇಳಿದ ಮೇಲೆ ಎದೆಯ ಮೇಲಿನ ಭಾರ ಇಳಿದಂತಾಗಿ, ಮನೆಗೆ ಹೋದ ಕೂಡಲೇ ಒಂದು ಲೋಟ ಬಿಸಿ ಟೀ ಕುಡಿಯಬೇಕೆಂದುಕೊಂಡಳು.

ಕೋರ್ಟಿನಲ್ಲಿ ದೀಪ ಹಚ್ಚಿದ್ದರು. ಗುಮಾಸ್ತ ಎದ್ದು, ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಕೇಳಿದ. ಬರ್ಟನ್‌ಶಾ ಕಂಠ ಸರಿಮಾಡಿಕೊಂಡು, “ತಪ್ಪಿತಸ್ಥ,” ಎಂದ. “ಇದು ನಿಮ್ಮೆಲ್ಲರ ತೀರ್ಪೇ?” ಎಂದ ಗುಮಾಸ್ತ. ಇದು ಬರೀ ಬಾಯಿಪಾಠದ ಪ್ರಶ್ನೆ. ಕೇಳುವವನೂ ಉತ್ತರಕ್ಕೆ ಕಾಯುವುದಿಲ್ಲ. “ಹೌದು,” ಎಂದ ಬರ್ಟನ್‌ಶಾ. “ಕರುಣೆ ತೋರಿಸಬೇಕೆಂದು ಜ್ಯೂರಿಯ ಬಲವಾದ ಶಿಫಾರಸು ಇದೆ.”

ಜಡ್ಜ್ ತಲೆ ಎತ್ತಲಿಲ್ಲ. “ನಿಮ್ಮ ಶಿಫಾರಸನ್ನು ಗೃಹಮಂತ್ರಿಗಳಿಗೆ ಕಳಿಸಿಕೊಡಲಾಗುವುದು,” ಎಂದ. “ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ನನಗೆ ಕಾನೂನು ಬೇರೆ ದಾರಿ ಇಟ್ಟಿಲ್ಲ.” ಅವನ ಹಿಂದೆ ನಿಂತಿದ್ದ ಸೇವಕ ಒಂದು ಚೌಕ ಕಪ್ಪು ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದ. ಅದನ್ನು ಜಡ್ಜ್‌ನ ತಲೆಯ ಮೇಲಿಟ್ಟರೆ ಮುಂದಿನ ಮಾತು ಮರಣದಂಡನೆ. ಅದು ಮಗುವಿಗೂ ಗೊತ್ತು.

ಮಾರ್ತಾ ಪಕ್ಕಕ್ಕೆ ಬಾಗಿ, “ಏನ್ರೀ ಇದು? ಕರುಣೆ ಕೇಳಿದ್ವಲ್ಲ?” ಎಂದು ಪಿಸುಗುಟ್ಟಿದಳು. ಅವಳ ಪಿಸುಮಾತು ಮೇಲಿನ ಗ್ಯಾಲರಿಯ ಕೊನೆಯ ಸಾಲಿಗೂ ಮುಟ್ಟಿತು. ಬರ್ಟನ್‌ಶಾನ ಮುಖ ಸುಣ್ಣದಂತಾಗಿತ್ತು. ಅವನು ಬೂಟು ನೋಡತೊಡಗಿದ. ಮಾರ್ತಾ ಆಚೆ ಈಚೆ ನೋಡಿದಳು. ಸಾಲಿಗೆ ಸಾಲೇ ಬೂಟು ನೋಡುತ್ತಿತ್ತು.

ಅವಳು ಎದ್ದು ನಿಂತಳು.

“ಸ್ವಲ್ಪ ನಿಲ್ಸಿ.”

ಕಪ್ಪು ಬಟ್ಟೆ ಜಡ್ಜ್‌ನ ತಲೆಯ ಮೇಲೆ ಗಾಳಿಯಲ್ಲೇ ನಿಂತುಬಿಟ್ಟಿತು. “ಕೂತುಕೊಳ್ಳಿ,” ಎಂದ ಜಡ್ಜ್. “ತೀರ್ಪು ಆಗಿದೆ.”

“ನಂದಾಗಿಲ್ಲ.”

“ನಿಮ್ಮ ಮುಖ್ಯಸ್ಥರು ನಿಮ್ಮೆಲ್ಲರ ಪರವಾಗಿ ಹೇಳಿದ್ದಾರೆ.”

“ಎಲ್ಲರ ತೀರ್ಪಾ ಅಂತ ಅವ್ರು ಕೇಳಿದ್ರು,” ಎಂದು ಮಾರ್ತಾ ಗುಮಾಸ್ತನ ಕಡೆ ಬೆರಳು ತೋರಿಸಿದಳು. “ಹೌದು ಅಂತ ಇವ್ರು ಅಂದ್ರು. ನನ್ನ ಯಾರೂ ಕೇಳ್ಲಿಲ್ಲ. ಈಗ ಕೇಳಿ, ಸ್ವಾಮಿ.”

ಜಡ್ಜ್‌ನ ಹುಬ್ಬು ಗಂಟಿಕ್ಕಿತು. ಆದರೆ ಶಿಕ್ಷೆ ಇನ್ನೂ ಓದಿರಲಿಲ್ಲ, ಜ್ಯೂರಿ ಇನ್ನೂ ಕೂತ ಜಾಗ ಬಿಟ್ಟಿರಲಿಲ್ಲ. ಕಿವಿಗೆ ಬಿದ್ದ ಮಾತನ್ನು ಬಿದ್ದಿಲ್ಲ ಎನ್ನುವಂತಿರಲಿಲ್ಲ. “ಇದು ನಿಮ್ಮ ತೀರ್ಪೇ, ಮೇಡಂ?” ಎಂದು ಹಲ್ಲು ಕಚ್ಚಿಕೊಂಡು ಕೇಳಿದ.

“ಅಲ್ಲ. ನಾನು ಹೂಂ ಅಂದಿದ್ದು ಅವನ ಕುತ್ತಿಗೆ ಉಳಿಯುತ್ತೆ ಅನ್ನೋ ಮಾತಿನ ಮೇಲೆ. ಆ ಮಾತು ಸುಳ್ಳಾದ್ಮೇಲೆ ನನ್ನ ಹೂಂ ಕೂಡ ಇಲ್ಲ.”

“ಶಿಕ್ಷೆಯ ವಿಚಾರ ಜ್ಯೂರಿಗೆ ಸಂಬಂಧಪಟ್ಟದ್ದಲ್ಲ.”

“ಹಂಗಾದ್ರೆ ನನ್ನನ್ನ ಬಿಟ್ಟೇ ಗಲ್ಲಿಗೆ ಹಾಕಿ. ನನ್ನ ಹೆಸರು ಹೇಳಿ ಬೇಡ.”

ಕಟಕಟೆಯಲ್ಲಿದ್ದ ವಾಲ್ಟರ್ ಪಿಲಿಂಗ್ ವಿಚಾರಣೆ ಶುರುವಾದಂದಿನಿಂದ ಮೊದಲ ಸಲ ತಲೆ ಎತ್ತಿ ಜ್ಯೂರಿಯ ಕಡೆ ನೋಡಿದ. ಸೇವಕ ಬಟ್ಟೆಯನ್ನು ಎಲ್ಲಿಡಬೇಕೆಂದು ತೋಚದೆ ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಜಡ್ಜ್ ಜ್ಯೂರಿಯನ್ನು ಮತ್ತೆ ಕೋಣೆಗೆ ಕಳಿಸಿದ.

ಬೀಗ ಬಿದ್ದ ಕೂಡಲೇ ಹನ್ನೊಂದು ಬಾಯಿಗಳೂ ಒಟ್ಟಿಗೆ ತೆರೆದವು.

“ಇಡೀ ಜಿಲ್ಲೆ ಮುಂದೆ ನನ್ನ ಮಾನ ಕಳೆದ್ರಲ್ಲ!” ಎಂದು ಬರ್ಟನ್‌ಶಾ ಮೇಜು ಗುದ್ದಿದ. “ನಾನು ಸುಳ್ಳು ಹೇಳ್ದೆ ಅಂತೀರಾ?”

“ಇಲ್ಲ. ನಿಮ್ಗೂ ಗೊತ್ತಿರ್ಲಿಲ್ಲ, ನನ್ಗೂ ಗೊತ್ತಿರ್ಲಿಲ್ಲ. ಈಗ ಇಬ್ರಿಗೂ ಗೊತ್ತು. ಗೊತ್ತಾದ್ಮೇಲೂ ಬಾಯಿ ಮುಚ್ಕೊಂಡು ಕೂರ್ತೀರಲ್ಲ, ಅದಕ್ಕೆ ಏನಂತಾರೆ ನೀವೇ ಹೇಳಿ.”

“ಬೋಟಿ ಮಾರೋರನ್ನೆಲ್ಲ ಜ್ಯೂರಿಗೆ ಕರೆದ್ರೆ ಹಿಂಗೇ,” ಎಂದ ಮನೆ-ಜಮೀನು ದಲ್ಲಾಳಿಯೊಬ್ಬ.

“ನಾನೇನು ಅರ್ಜಿ ಹಾಕಿದ್ನಾ? ನಿಮ್ಮ ಸರ್ಕಾರವೇ ಬಾ ಅಂತ ಕರೀತು. ಬಂದಿದ್ದೀನಿ. ನರಹತ್ಯೆ ಅನ್ನಿ, ಈಗಲೇ ಹೂಂ ಅಂತೀನಿ, ಎಲ್ರೂ ಮನೆಗೆ ಹೋಗಿ ಊಟ ಮಾಡೋಣ.”

ಅದಕ್ಕೆ ಅವರು ಒಪ್ಪಲಿಲ್ಲ. ಕೊಲೆಯನ್ನು ಕೊಲೆ ಎನ್ನದಿದ್ದರೆ ನಾಳೆ ಪ್ರತಿಯೊಬ್ಬನೂ ಸಲಿಕೆ ಹಿಡಿಯುತ್ತಾನೆ ಎಂದರು. ಆ ಮುದುಕಿ ತಾಯಿಯ ಮುಖ ನೋಡಿದಿರಾ ಎಂದು ಒಬ್ಬ ಕೇಳಿದ. ಆ ಮಾತು ಮಾರ್ತಾಳಿಗೆ ನಾಟಿತು. ಹೌದು, ಅವಳು ನೋಡಿರಲಿಲ್ಲ. ನೋಡುವ ಧೈರ್ಯ ಬಂದಿರಲಿಲ್ಲ. ಅವಳಿಗೆ ಭಯವಾಗಿತ್ತು. ತಾನು ಓದಿದವಳಲ್ಲ, ಇವರೆಲ್ಲ ಓದಿದವರು, ತಾನೇ ತಪ್ಪಿದ್ದರೆ? ಆದರೆ ಆ ಕಪ್ಪು ಬಟ್ಟೆ ನೆನಪಾದಾಗಲೆಲ್ಲ ಸಿಟ್ಟು ಉಕ್ಕಿ ಬಂದು ಭಯವನ್ನು ಆಚೆಗೆ ತಳ್ಳುತ್ತಿತ್ತು. ಸುಮ್ಮನೆ ನಂಬಿಸಿ, ತನ್ನ ಬಾಯಿಂದಲೇ ಒಬ್ಬನನ್ನು ಕೊಲ್ಲಿಸುತ್ತಿದ್ದರಲ್ಲ!

ಗದರಿಸಿದರು, ಓಲೈಸಿದರು, ದೇವರ ವಾಕ್ಯ ಹೇಳಿದರು. ಮಾರ್ತಾ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಚಳಿಗೆ ಎಲ್ಲರೂ ಕೋಟಿನ ಕಾಲರ್ ಎತ್ತಿಕೊಂಡು ಕೂತರು. ಆಗ ಮಿಸ್ ಪಿಕಪ್ ಯಾರಿಗೂ ಕಾಣದಂತೆ ಮೇಜಿನ ಕೆಳಗಿನಿಂದ ಒಂದು ಪೆಪ್ಪರ್‌ಮಿಂಟ್ ದಾಟಿಸಿದಳು. ಮತ ಬದಲಾಯಿಸುವಷ್ಟು ಎದೆಗಾರಿಕೆ ಅವಳಿಗೆ ಇರಲಿಲ್ಲ, ಪಾಪ, ಪೆಪ್ಪರ್‌ಮಿಂಟ್‌ನಷ್ಟು ಇತ್ತು.

ಜಡ್ಜ್ ಮತ್ತೆ ಕರೆಸಿದಾಗ ಬರ್ಟನ್‌ಶಾ, ಒಮ್ಮತ ಬರಲಿಲ್ಲ, ಬರುವುದೂ ಇಲ್ಲ ಎಂದ. ಜಡ್ಜ್ ಮುಂದಿನ ಊರಿಗೆ ಹೊರಡಬೇಕಿತ್ತು. ಒಬ್ಬರ ಹಟದಿಂದ ನ್ಯಾಯ ಸೋತಿತು, ತಮ್ಮ ಕರ್ತವ್ಯ ಏನೆಂದು ತಿಳಿಯದವರು ಈ ಪೀಠದಲ್ಲಿ ಕೂರಬಾರದಿತ್ತು ಎಂದು ಮಾರ್ತಾಳ ಮುಖ ನೋಡಿಯೇ ಹೇಳಿ ಜ್ಯೂರಿಯನ್ನು ವಿಸರ್ಜಿಸಿದ. ಪಿಲಿಂಗ್‌ನ ವಿಚಾರಣೆ ಮುಂದಿನ ಸಲ ಹೊಸ ಜ್ಯೂರಿಯೆದುರು. “ಬೇರೆ ಹನ್ನೆರಡು ಜನ ಹುಡುಕ್ಕೊಳ್ಲಿ,” ಎಂದು ಮಾರ್ತಾ ತನ್ನಷ್ಟಕ್ಕೇ ಅಂದುಕೊಂಡಳು. ತನ್ನಷ್ಟಕ್ಕೆ ಎಂಬುದು ಅವಳ ಲೆಕ್ಕ. ಗ್ಯಾಲರಿಯವರು ಗೊಳ್ಳೆಂದು ನಕ್ಕರು, ಜವಾನ ಸದ್ದು ಮಾಡಬೇಡಿ ಎಂದು ಕೂಗಬೇಕಾಯಿತು.

ಆ ಚಳಿಗಾಲ ಹೇಗ್‌ಫೋಲ್ಡ್ ಎರಡು ಹೋಳಾಯಿತು. ಮಿಲ್ಲಿನ ಹೆಂಗಸರು ಮೊದಲಿಗಿಂತ ಜಾಸ್ತಿ ಬಂದರು. ಎದುರು ಬೀದಿಯ ಮರ್ಯಾದಸ್ಥರು ಬರುವುದನ್ನು ಬಿಟ್ಟರು. ಕೆಲವರು ಕಾಲೆಳೆಯಲೆಂದೇ ಬಾಗಿಲಲ್ಲಿ ನಿಂತು, “ಮಾರ್ತಾ, ಬೋಟಿ ಬೆಂದಿದ್ಯಾ, ಇಲ್ಲ ಇವತ್ತು ಅದೂ ಒಪ್ಪಿಲ್ವಾ?” ಎನ್ನುತ್ತಿದ್ದರು. “ಅದು ಒಪ್ಪಿದೆ. ನಿನ್ನ ಹಲ್ಲು ಒಪ್ಪುತ್ತೋ ನೋಡ್ಕೋ,” ಎನ್ನುತ್ತಿದ್ದಳು. ಬರ್ಟನ್‌ಶಾನ ಗತಿ ಇನ್ನೂ ಕಷ್ಟ. ಅವನು ಯಾವ ಸಮಿತಿಯಲ್ಲಿ ಏನು ಠರಾವು ಓದಿದರೂ ಹಿಂದಿನಿಂದ ಒಬ್ಬನಾದರೂ, “ಇದು ನಿಮ್ಮೆಲ್ಲರ ತೀರ್ಪೇ?” ಎನ್ನುವನು.

ಚಳಿಗಾಲದ ಕೊನೆಗೆ ಹೊಸ ಜಡ್ಜ್ ಬಂದ, ಹೊಸ ಜ್ಯೂರಿ ಕೂತಿತು. ಹನ್ನೆರಡೂ ಗಂಡಸರು. ಹೋದಷ್ಟೇ ಬೇಗ ಹಿಂತಿರುಗಿ ಬಂದರು. ತಪ್ಪಿತಸ್ಥ. ಕರುಣೆಯ ಮಾತನ್ನು ಅವರು ಎತ್ತಲೇ ಇಲ್ಲ. ಕಪ್ಪು ಬಟ್ಟೆ ಈ ಸಲ ಗಾಳಿಯಲ್ಲಿ ನಿಲ್ಲಲಿಲ್ಲ. ಮೇಲ್ಮನವಿ ಬಿದ್ದುಹೋಯಿತು, ಗೃಹಮಂತ್ರಿಗಳು ಅಡ್ಡ ಬರಲಿಲ್ಲ. ಮಾರ್ಚ್‌ನ ಒಂದು ಬೆಳಿಗ್ಗೆ ಗಲ್ಲಿಗೆ ಹಾಕಿದ್ದಾಯಿತೆಂದು ಜೈಲಿನ ಬಾಗಿಲಿಗೆ ನೋಟೀಸು ಅಂಟಿಸಿದರು.

ಮಾರ್ತಾ ಆ ದಿನ ಅಂಗಡಿ ತೆರೆಯಲಿಲ್ಲ. ಮೇಲಿನ ಮನೆಯಲ್ಲಿ ಒಬ್ಬಳೇ ಕೂತು ಗಟ್ಟಿಯಾಗಿ ಅತ್ತಳು, ಬೀದಿಯವರಿಗೆಲ್ಲ ಕೇಳಿಸಿತು, ಯಾರೂ ಆಡಿಕೊಳ್ಳಲಿಲ್ಲ. ಸತ್ತವನಿಗಾಗಿ ಅತ್ತದ್ದು ಅರ್ಧ. ಇನ್ನರ್ಧ ಬೇರೆ ಒಂದು ಯೋಚನೆಗೆ. ಅದು ಕೆಲವು ದಿನದಿಂದ ಅವಳನ್ನು ಹುಳದಂತೆ ಕೊರೆಯುತ್ತಿತ್ತು. ಆ ಯೋಚನೆಯನ್ನು ಬಾಯಿಬಿಟ್ಟು ಆಡಿದವನು ಬರ್ಟನ್‌ಶಾ.

ಅವನು ಬಂದದ್ದು ಆ ವಾರದ ಶನಿವಾರ, ಅಂಗಡಿ ಗಿಜಿಗುಡುವ ಹೊತ್ತು ನೋಡಿಕೊಂಡು. ಕೊಳ್ಳುವುದಕ್ಕಲ್ಲ, ಟೋಪಿಯನ್ನೂ ತೆಗೆಯದೆ ಜನರ ನಡುವೆ ನಿಂತ. “ಮಿಸೆಸ್ ಶಟಲ್‌ವರ್ತ್, ಗೃಹಮಂತ್ರಿಗಳ ಕಚೇರಿ ಬಲ್ಲ ವಕೀಲರೊಬ್ಬರನ್ನ ವಿಚಾರಿಸ್ದೆ. ಜ್ಯೂರಿ ಬಲವಾಗಿ ಕರುಣೆ ಕೇಳಿದ್ರೆ ಮಂತ್ರಿಗಳು ಮುಕ್ಕಾಲುಪಾಲು ಮನ್ನಾ ಮಾಡ್ತಾರಂತೆ. ನಾವು ಕೇಳಿದ್ವಿ. ನೀವು ಅದನ್ನ ಹರಿದು ಹಾಕಿದ್ರಿ. ಎರಡನೇ ಜ್ಯೂರಿ ಕೇಳ್ಲೇ ಇಲ್ಲ. ಅವತ್ತು ತೆಪ್ಪಗೆ ಕೂತಿದ್ರೆ ಅವನು ಬದುಕಿರ್ತಿದ್ದ. ಅವನ್ನ ಕೊಂದಿದ್ದು ನೀವು.”

ಫೋರ್ಕುಗಳ ಸದ್ದು ನಿಂತಿತು. ಮಾರ್ತಾ ಕೌಂಟರಿನ ಅಂಚು ಹಿಡಿದುಕೊಂಡಳು.

“ಬದುಕಿರ್ತಿದ್ನೋ ಏನೋ,” ಎಂದಳು. ಆ ಅಂಗಡಿಯಲ್ಲಿ ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. “ಅದು ನನ್ಗೂ ಗೊತ್ತು.”

“ಗೊತ್ತಿದ್ರೆ ತಪ್ಪಾಯ್ತು ಅನ್ನಿ. ಇವ್ರೆಲ್ಲ ಕೇಳ್ಲಿ.”

ಮಾರ್ತಾ ಅವನನ್ನೇ ನೋಡಿದಳು. ಕಣ್ಣಲ್ಲಿ ನೀರಿತ್ತು, ಗದ್ದ ಮಾತ್ರ ಕೆಳಗಿಳಿಯಲಿಲ್ಲ. “ಅನ್ನಲ್ಲ,” ಎಂದಳು. “ನನ್ನ ಹೂಂ ಅನ್ನ ನಂಬಿಸಿ ತಗೊಂಡ್ರಿ. ಅದನ್ನ ವಾಪಸ್ ಕೇಳ್ದೆ. ಅದ್ರಿಂದ ಆ ಮನುಷ್ಯನಿಗೆ ಕೆಟ್ಟದಾಗಿದ್ರೆ ನಾನು ಸಾಯೋವರ್ಗೂ ಅಳ್ತೀನಿ. ಆದ್ರೆ ತಪ್ಪಾಯ್ತು ಅಂತ ನಿಮ್ಮ ಹತ್ರ ಅನ್ನಲ್ಲ. ನಾಳೆ ಮತ್ತೆ ಅಲ್ಲಿ ಕೂರ್ಸಿದ್ರೂ ಎದ್ದು ನಿಲ್ತೀನಿ.”

ಸಾಲಿನ ಹಿಂದೆ, ಬಾಗಿಲ ಹತ್ತಿರ, ಕೂಸನ್ನು ಶಾಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡ ಒಬ್ಬ ತೆಳ್ಳನೆಯ ಹೆಂಗಸು ಅಷ್ಟು ಹೊತ್ತಿನಿಂದ ನಿಂತಿದ್ದಳು. ಊರಿನವಳಲ್ಲ. ಅವಳು ಜನರನ್ನು ಸರಿಸಿಕೊಂಡು ಮುಂದೆ ಬಂದಾಗ ಮಾರ್ತಾಳಿಗೆ ಗುರುತು ಸಿಕ್ಕಿತು. ಕಣ್ಣಿನ ಬಾವು ಇಳಿದಿತ್ತು, ಹುಬ್ಬಿನ ಮೇಲೆ ಗಾಯದ ಗೆರೆ ಉಳಿದಿತ್ತು.

“ನಾನು ಐವಿ. ವಾಲ್ಟರ್ ತಂಗಿ,” ಎಂದು ಅವಳು ಬರ್ಟನ್‌ಶಾನಿಗೆ ಹೇಳಿದಳು. “ಹೌದು ಅಂದೋರು ನೀವೇ ಅಲ್ವಾ? ನಾನು ಮೇಲೆ ಗ್ಯಾಲರೀಲಿ ಕೂತಿದ್ದೆ. ಆ ಕರೀ ಬಟ್ಟೆ ಬಂದಾಗ ನಿಮ್ಮ ಮುಖ ನೋಡ್ದೆ. ಮೋಸ ಹೋದ್ವಿ ಅಂತ ನಿಮ್ಗೂ ಗೊತ್ತಾಗಿತ್ತು. ಹನ್ನೊಂದು ಜನಕ್ಕೂ ಗೊತ್ತಾಗಿತ್ತು. ಹನ್ನೊಂದು ಜನಾನೂ ಕೂತೇ ಇದ್ರಿ.”

ಬರ್ಟನ್‌ಶಾ ಏನೋ ಹೇಳಲು ಬಾಯಿ ತೆರೆದ.

“ನಿಮ್ಮ ಮಂತ್ರಿ ಬಿಡ್ತಿದ್ನೋ ಇಲ್ವೋ ನನ್ಗೆ ಗೊತ್ತಿಲ್ಲ. ಬಿಡ್ದೆ ಇದ್ದಿದ್ರೆ ನಮ್ಮಣ್ಣ ಕ್ರಿಸ್‌ಮಸ್‌ಗೆ ಮುಂಚೇನೇ ಹೋಗಿರೋನು. ಇವಳು ಹುಟ್ಟಿದ್ದು ಜನವರೀಲಿ. ಜೈಲಿಗೆ ಎತ್ಕೊಂಡು ಹೋದೆ. ಕಾವಲಿನವನು ಒಳ್ಳೆಯವನು, ಆ ಕಡೆ ತಿರುಗಿ ನಿಂತ್ಕೊಂಡ. ನಮ್ಮಣ್ಣ ಇವಳನ್ನ ಎತ್ಕೊಂಡ.”

ಬರ್ಟನ್‌ಶಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಟುಹೋದ. ಯಾರೂ ಅವನಿಗೆ ದಾರಿ ತಡೆಯಲಿಲ್ಲ, ಯಾರೂ ದಾರಿ ಬಿಡಲೂ ಇಲ್ಲ. ಮಗ್ಗುಲಾಗಿ ನುಸುಳಿಕೊಂಡು ಹೋಗಬೇಕಾಯಿತು.

ಮಾರ್ತಾ ಕೌಂಟರಿನ ಹಿಂದಿನಿಂದ ಬಂದು ಐವಿಯನ್ನು ಕೂರಿಸಿದಳು. ಕೈಯನ್ನು ಏಪ್ರನ್‌ಗೆ ಮತ್ತೆ ಮತ್ತೆ ಒರೆಸಿಕೊಂಡು ಕೂಸನ್ನು ಇಸಿದುಕೊಂಡಳು. “ಏನಂದ ಅವನು?” ಎಂದು ಕೇಳಿದಳು. “ಇವಳನ್ನ ಎತ್ಕೊಂಡಾಗ?”

“ಹೆಚ್ಚೇನೂ ಅನ್ಲಿಲ್ಲ. ನಮ್ಮಣ್ಣ ಮಾತು ಕಡಿಮೆ.” ಐವಿ ಶಾಲಿನ ಅಂಚು ಸರಿಮಾಡಿದಳು. “ಇವಳಿಗೆ ಮೊದಲು ‘ಇಲ್ಲ’ ಅನ್ನೋದು ಕಲ್ಸು ಅಂದ. ಆ ಹೆಂಗ್ಸು ಎದ್ದು ನಿಂತು ಅಂದ್ಲಲ್ಲ, ಹಂಗೆ ಅನ್ನೋದು ಕಲೀಲಿ ಅಂದ. ಅದಕ್ಕೇ ಬಂದೆ.”

“ಇಷ್ಟು ಸಣ್ಣ ಕೂಸಿಗೆ ಈಗ್ಲೇ ಏನು ಕಲಿಸ್ತೀಯಮ್ಮ?”

“ಇವಳಿಗಲ್ಲ,” ಎಂದಳು ಐವಿ. “ಮೊದ್ಲು ನನ್ಗೆ ಬರ್ಬೇಕಲ್ಲ.”